ಓದಿದರೆ ಅಳಿಸಿಹೋಗುವ ನೆನಪು: ಆನ್ ವಾಂಗ್ ಅವರ ಬದುಕು ಮತ್ತು ಉದ್ಯಮ

1948ರಲ್ಲಿ ಕಂಪ್ಯೂಟರ್ ಕಟ್ಟುತ್ತಿದ್ದವರಿಗೆ ಲೆಕ್ಕ ಮಾಡುವುದಕ್ಕಿಂತ, ಮಾಡಿದ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದೇ ಹೆಚ್ಚು ಕಷ್ಟದ ಕೆಲಸವಾಗಿತ್ತು. ಆಗಿನ ಯಂತ್ರಗಳಲ್ಲಿ ವಿದ್ಯುತ್ ಸ್ವಿಚ್ಚುಗಳಾಗಿದ್ದ ನಿರ್ವಾತ ಕೊಳವೆಗಳು ಸೆಕೆಂಡಿಗೆ ಸಾವಿರಾರು ಸಲ ಕೂಡಿ ಕಳೆಯಬಲ್ಲವಾಗಿದ್ದವು. ಆದರೆ ಅವು ಕೊಟ್ಟ ಅಂಕಿಗಳನ್ನು ಕಾಪಾಡಲು ಪಾದರಸ ತುಂಬಿದ ನಳಿಕೆಗಳಲ್ಲಿ ಶಬ್ದದ ಅಲೆಗಳನ್ನು ಎಡೆಬಿಡದೆ ಸುತ್ತಿಸುತ್ತಿರಬೇಕಿತ್ತು, ಇಲ್ಲವೇ ತಿರುಗುವ ಕಾಂತೀಯ ಡ್ರಮ್ಮನ್ನು ನಂಬಬೇಕಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ಗಣನ ಪ್ರಯೋಗಾಲಯವನ್ನು ನಡೆಸುತ್ತಿದ್ದ ಹೊವರ್ಡ್ ಐಕೆನ್ ಆ ವರ್ಷ ಹೊಸದಾಗಿ ಸೇರಿದ ಸಂಶೋಧಕರೊಬ್ಬರಿಗೆ ಈ ಸಮಸ್ಯೆಯನ್ನು ಒಪ್ಪಿಸಿದರು: ಮಾಹಿತಿಯನ್ನು ಕಾಂತೀಯವಾಗಿ ದಾಖಲಿಸಬೇಕು, ಮತ್ತು ಯಂತ್ರದ ಯಾವ ಭಾಗವೂ ಚಲಿಸದೆ ಅದನ್ನು ಓದುವಂತಾಗಬೇಕು. ಆ ಸಂಶೋಧಕರ ಹೆಸರು ಆನ್ ವಾಂಗ್, ವಯಸ್ಸು 28.

ವಾಂಗ್ ಹುಟ್ಟಿದ್ದು 1920ರ ಫೆಬ್ರವರಿ 7ರಂದು, ಶಾಂಘೈನಲ್ಲಿ. ತಂದೆ ಇಂಗ್ಲಿಷ್ ಮೇಷ್ಟರು. ಅಲ್ಲಿನ ಚಿಯಾವೊ ತುಂಗ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದಿ ಮುಗಿಸುವ ಹೊತ್ತಿಗೆ ಜಪಾನಿನೊಡನೆ ಯುದ್ಧ ನಡೆಯುತ್ತಿತ್ತು. ವಾಂಗ್ ದೇಶದ ಒಳಭಾಗದ ಗ್ವೀಲಿನ್‌ಗೆ ಹೋಗಿ, ಸಿಕ್ಕಿದ ಬಿಡಿಭಾಗಗಳಿಂದಲೇ ಸೈನ್ಯಕ್ಕೆ ರೇಡಿಯೊ ಉಪಕರಣಗಳನ್ನು ಮಾಡಿಕೊಡುವ ಕೆಲಸಕ್ಕೆ ನಿಂತರು. ಕಡಿಮೆ ಸಾಮಗ್ರಿಯಲ್ಲಿ ಹೆಚ್ಚು ಕೆಲಸ ತೆಗೆಯುವ ಅಭ್ಯಾಸ ಅವರಿಗೆ ಅಲ್ಲಿಂದಲೇ ಬಂದಿರಬೇಕೆಂದು ನನಗೆ ತೋರುತ್ತದೆ, ಏಕೆಂದರೆ ಮುಂದಿನ ಅವರ ಪ್ರತಿಯೊಂದು ಒಳ್ಳೆಯ ವಿನ್ಯಾಸದಲ್ಲಿಯೂ ಆ ಗುಣವಿದೆ. ಯುದ್ಧದ ವರ್ಷಗಳಲ್ಲಿ ಅವರು ತಂದೆ, ತಾಯಿ ಮತ್ತು ಒಬ್ಬ ಸಹೋದರಿಯನ್ನು ಕಳೆದುಕೊಂಡರು.

1945ರಲ್ಲಿ, ದೇಶವನ್ನು ಮತ್ತೆ ಕಟ್ಟಲು ಬೇಕಾದ ತರಬೇತಿಗೆಂದು ಚೀನಾ ಸರ್ಕಾರ ಎಂಜಿನಿಯರುಗಳ ಒಂದು ತಂಡವನ್ನು ಅಮೆರಿಕಕ್ಕೆ ಕಳುಹಿಸಿತು. ಆ ತಂಡದಲ್ಲಿದ್ದ ವಾಂಗ್ ಹಿಮಾಲಯದ ಮೇಲಿಂದ ವಿಮಾನದಲ್ಲಿ ಭಾರತಕ್ಕೆ ಬಂದು, ಇಲ್ಲಿಂದ ಹಡಗು ಹತ್ತಿದರು. ಯಾವುದೋ ಕಾರ್ಖಾನೆಯಲ್ಲಿ ತರಬೇತಿ ಪಡೆಯುವ ಬದಲು ಹಾರ್ವರ್ಡ್‌ಗೆ ಅರ್ಜಿ ಹಾಕಿದರು. 1948ರ ವೇಳೆಗೆ ಅನ್ವಯಿಕ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಮುಗಿಸಿದ್ದರು. ಅಷ್ಟರಲ್ಲಿ ಚೀನಾದಲ್ಲಿ ಅಂತರ್ಯುದ್ಧ ಬಲಿತಿದ್ದರಿಂದ ಹಿಂದಿರುಗುವ ಯೋಚನೆಯನ್ನು ಬಿಟ್ಟರು. ಚೀನೀಯರು ಬಂದು ನೆಲೆಸುವುದನ್ನು ತಡೆಯುತ್ತಿದ್ದ ಕಾನೂನನ್ನು ಅಮೆರಿಕ 1943ರಲ್ಲಷ್ಟೇ ತೆಗೆದುಹಾಕಿತ್ತು. ಅದರ ಬದಲಿಗೆ ನಿಗದಿಯಾದ ಮಿತಿ ವರ್ಷಕ್ಕೆ 105 ಜನ ಮಾತ್ರ. ವಾಂಗ್ ಅವರಿಗೆ ಪೌರತ್ವ ದೊರೆತದ್ದು 1955ರಲ್ಲಿ.

ಐಕೆನ್ ಕೊಟ್ಟ ಸಮಸ್ಯೆಗೆ ಬೇಕಾದ ವಸ್ತು ಆಗಲೇ ಲಭ್ಯವಿತ್ತು. ನಿಕ್ಕಲ್ ಮತ್ತು ಕಬ್ಬಿಣದ ಒಂದು ಮಿಶ್ರಲೋಹದಿಂದ ಮಾಡಿದ ಪುಟ್ಟ ಉಂಗುರವನ್ನು ಕಾಂತೀಯಗೊಳಿಸಿದರೆ, ವಿದ್ಯುತ್ತನ್ನು ನಿಲ್ಲಿಸಿದ ಮೇಲೂ ಅದರ ಕಾಂತತ್ವ ಹಾಗೆಯೇ ಉಳಿಯುತ್ತಿತ್ತು. ಕಾಂತತ್ವದ ದಿಕ್ಕು ಉಂಗುರದ ಸುತ್ತ ಬಲಮುಖವಾಗಿದ್ದರೆ ಅದನ್ನು 1 ಎಂದೂ ಎಡಮುಖವಾಗಿದ್ದರೆ 0 ಎಂದೂ ಕರೆಯಬಹುದು. ತೊಡಕಿದ್ದದ್ದು ಓದುವುದರಲ್ಲಿ. ಉಂಗುರದ ಸುತ್ತಿನ ತಂತಿಯಲ್ಲಿ ವಿದ್ಯುತ್ತಿನ ಒಂದು ಚಿಕ್ಕ ಮಿಡಿತವನ್ನು ಹರಿಸಿ ಅದನ್ನು 0ಯ ಕಡೆಗೆ ತಳ್ಳಬೇಕು. ಮೊದಲೇ 0 ಇದ್ದರೆ ಹೆಚ್ಚೇನೂ ಆಗುವುದಿಲ್ಲ. 1 ಇದ್ದರೆ ಕಾಂತತ್ವದ ದಿಕ್ಕು ಮಗುಚುತ್ತದೆ, ಮತ್ತು ಆ ಬದಲಾವಣೆ ಇನ್ನೊಂದು ತಂತಿಯಲ್ಲಿ ವಿದ್ಯುತ್ತನ್ನು ಪ್ರೇರಿಸಿ ಸುದ್ದಿ ಕೊಡುತ್ತದೆ. ಆದರೆ ಓದಿ ಮುಗಿದ ಮೇಲೆ ಉಂಗುರದಲ್ಲಿ ಯಾವಾಗಲೂ 0ಯೇ ಉಳಿದಿರುತ್ತದೆ. ಮುಚ್ಚಿದ ತಂಬಿಗೆಯಲ್ಲಿ ನೀರಿದೆಯೇ ಎಂದು ತಿಳಿಯಲು ಅದನ್ನು ಬಗ್ಗಿಸಿ ಸುರಿದು ನೋಡಿದಂತೆ, ಉತ್ತರವೇನೋ ಸಿಗುತ್ತದೆ, ಇದ್ದದ್ದು ಹೋಗಿರುತ್ತದೆ.

ನೆನಪು ಅಳಿಯದಂತೆ ಓದುವ ದಾರಿಯನ್ನು ವಾಂಗ್ ವಾರಗಟ್ಟಲೆ ಹುಡುಕಿದರು. ಒಂದು ದಿನ ವಿಶ್ವವಿದ್ಯಾಲಯದ ಅಂಗಳದಲ್ಲಿ ನಡೆದು ಹೋಗುತ್ತಿರುವಾಗ, ಅಳಿದರೆ ಅಳಿಯಲಿ ಎಂಬ ಯೋಚನೆ ಅವರಿಗೆ ಹೊಳೆಯಿತು. ಓದಿದ್ದು ಏನೆಂದು ಗೊತ್ತಾದ ಮೇಲೆ, ಸೆಕೆಂಡಿನ ಅತಿ ಸಣ್ಣ ಭಾಗದೊಳಗೆ ಅದನ್ನೇ ಮತ್ತೆ ಬರೆದುಬಿಡಬಹುದು. ಹೊಸ ವಸ್ತುವನ್ನಾಗಲಿ ಹೊಸ ನಿಯಮವನ್ನಾಗಲಿ ಅವರು ಕಂಡುಹಿಡಿಯಲಿಲ್ಲ. ಎಲ್ಲರೂ ದೋಷವೆಂದು ತಿಳಿದಿದ್ದನ್ನು ತಡೆಯುವ ಅಗತ್ಯವೇ ಇಲ್ಲವೆಂದು ಕಂಡುಕೊಂಡರು. ನನ್ನ ದೃಷ್ಟಿಯಲ್ಲಿ ಇದು ಕಂಪ್ಯೂಟರ್ ಇತಿಹಾಸದ ಅತ್ಯಂತ ಮಿತವ್ಯಯದ ಆಲೋಚನೆಗಳಲ್ಲಿ ಒಂದು. ಇಂದು ನಮ್ಮ ಫೋನಿನ ನೆನಪಾಗಿರುವ ಡಿರ‍್ಯಾಮ್ ಚಿಪ್ಪಿನಲ್ಲಿ ಕಾಂತದ ಬದಲು ವಿದ್ಯುದಂಶ ತುಂಬಿಕೊಂಡಿರುತ್ತದೆ. ಅಲ್ಲಿಯೂ ಓದಿದರೆ ಅದು ಬರಿದಾಗುತ್ತದೆ, ಅಲ್ಲಿಯೂ ಓದಿದ್ದನ್ನು ಒಡನೆಯೇ ಮತ್ತೆ ಬರೆಯಲಾಗುತ್ತದೆ.

ವಾಂಗ್ ತಮ್ಮ ಉಂಗುರಗಳನ್ನು ಸಾಲಾಗಿ ಜೋಡಿಸಿದ್ದರು. ಮಾಹಿತಿ ಒಂದರಿಂದ ಮುಂದಿನದಕ್ಕೆ ಸಾಗಬೇಕಿತ್ತು. ಅವುಗಳನ್ನು ಅಡ್ಡ ಮತ್ತು ಉದ್ದ ತಂತಿಗಳ ಜಾಲವಾಗಿ ನೇಯ್ದು, ಬೇಕಾದ ಉಂಗುರವನ್ನು ನೇರವಾಗಿ ಆರಿಸುವ ಕ್ರಮವನ್ನು ರೂಪಿಸಿದವರು ಎಂಐಟಿ ಎಂಬ ತಂತ್ರಜ್ಞಾನ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್. ಒಂದೊಂದು ತಂತಿಯಲ್ಲಿ ಅರ್ಧದಷ್ಟು ವಿದ್ಯುತ್ತನ್ನು ಹರಿಸಿದರೆ, ಎರಡೂ ಸೇರುವ ಜಾಗದ ಉಂಗುರವೊಂದೇ ಮಗುಚುತ್ತದೆ. 1953ರಲ್ಲಿ ವರ್ಲ್‌ವಿಂಡ್ ಕಂಪ್ಯೂಟರಿನಲ್ಲಿ ಇದು ಕೆಲಸಕ್ಕೆ ಬಂತು, ಮತ್ತು ಮುಂದಿನ ಎರಡು ದಶಕಗಳ ಕಾಲ ಜಗತ್ತಿನ ಹೆಚ್ಚಿನ ಕಂಪ್ಯೂಟರುಗಳ ನೆನಪು ಇಂಥ ಜಾಲಗಳಲ್ಲಿಯೇ ಇತ್ತು.

ವಾಂಗ್ 1949ರ ಅಕ್ಟೋಬರಿನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1951ರ ಜೂನಿನಲ್ಲಿ, 600 ಡಾಲರ್ ಉಳಿತಾಯದೊಂದಿಗೆ, ಬಾಸ್ಟನ್ನಿನಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ವಾಂಗ್ ಲ್ಯಾಬೊರೇಟರೀಸ್ ಆರಂಭಿಸಿದರು. ಆರಂಭದಲ್ಲಿ ಬಿಡಿ ಉಂಗುರಗಳನ್ನೇ ಒಂದಕ್ಕೆ 4 ಡಾಲರಿನಂತೆ ಮಾರಿದರು. 1955ರಲ್ಲಿ ಪೇಟೆಂಟ್ ಬಂತು. ಮರುವರ್ಷ ಕಂಪ್ಯೂಟರ್ ತಯಾರಿಸುವ ದೊಡ್ಡ ಕಂಪನಿ ಐಬಿಎಂ ಅದನ್ನು 5 ಲಕ್ಷ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಫಾರೆಸ್ಟರ್ ಅವರ ಪೇಟೆಂಟ್‌ಗಾಗಿ ಅದೇ ಐಬಿಎಂ 1964ರಲ್ಲಿ ಎಂಐಟಿಗೆ 1.3 ಕೋಟಿ ಡಾಲರ್ ಕೊಟ್ಟಿತು. ಒಬ್ಬ ವಲಸಿಗ ತನ್ನಷ್ಟಕ್ಕೆ ತಾನು ನಿಂತು ಚೌಕಾಸಿ ಮಾಡುವುದಕ್ಕೂ ದೊಡ್ಡ ಸಂಸ್ಥೆಯೊಂದು ಮಾಡುವುದಕ್ಕೂ ಇರುವ ದೂರ ಈ ಎರಡು ಮೊತ್ತಗಳಲ್ಲಿ ಕಾಣುತ್ತದೆ. ಐಬಿಎಂ ತಮ್ಮನ್ನು ನಡೆಸಿಕೊಂಡ ರೀತಿಯ ಬಗೆಗಿನ ಅಸಮಾಧಾನ ವಾಂಗ್ ಅವರಲ್ಲಿ ಬಹಳ ಕಾಲ ಉಳಿಯಿತು.

ಅವರ ಎರಡನೆಯ ದೊಡ್ಡ ಕೆಲಸ 1960ರ ದಶಕದ ನಡುವಿನಲ್ಲಿ ಬಂದ ಲೊಕಿ ಎಂಬ ಮೇಜಿನ ಕ್ಯಾಲ್ಕುಲೇಟರ್. ಆಗ ಟ್ರಾನ್ಸಿಸ್ಟರುಗಳು ದುಬಾರಿ. ಗುಣಾಕಾರ, ಭಾಗಾಕಾರ, ವರ್ಗಮೂಲಗಳಿಗೆ ಬೇರೆ ಬೇರೆ ವಿದ್ಯುತ್ ಮಂಡಲಗಳನ್ನು ಕಟ್ಟಿದರೆ ಯಂತ್ರದ ಬೆಲೆ ಕೈಗೆಟುಕುತ್ತಿರಲಿಲ್ಲ. ಲಘುಗಣಕ ಅಂದರೆ ಲಾಗರಿದಮ್ ತಿಳಿದರೆ ಗುಣಾಕಾರ ಕೂಡುವ ಲೆಕ್ಕವಾಗುತ್ತದೆ, ಭಾಗಾಕಾರ ಕಳೆಯುವ ಲೆಕ್ಕವಾಗುತ್ತದೆ ಎಂಬುದು ಶಾಲೆಯಲ್ಲಿ ಕಲಿತ ವಿಷಯವೇ. ಆದರೆ ಲಘುಗಣಕವನ್ನು ಅಗ್ಗವಾಗಿ ಪಡೆಯುವುದು ಹೇಗೆ? ಒಂದು ಸಂಖ್ಯೆಯನ್ನು 0.9, 0.99, 0.999 ಮೊದಲಾದ ಕೆಲವೇ ಸ್ಥಿರಾಂಕಗಳಿಂದ ಮತ್ತೆ ಮತ್ತೆ ಗುಣಿಸುತ್ತ 1ರ ಹತ್ತಿರ ತಂದರೆ, ಯಾವುದನ್ನು ಎಷ್ಟು ಸಲ ಬಳಸಿದೆವು ಎಂಬುದರಿಂದಲೇ ಅದರ ಲಘುಗಣಕ ದೊರೆಯುತ್ತದೆ. ಇನ್ನು 0.9ರಿಂದ ಗುಣಿಸುವುದೆಂದರೆ, ಸಂಖ್ಯೆಯನ್ನು ಒಂದು ಸ್ಥಾನ ಬಲಕ್ಕೆ ಸರಿಸಿ ಮೂಲದಿಂದ ಕಳೆಯುವುದಷ್ಟೇ. ಸರಿಸುವುದು ಮತ್ತು ಕಳೆಯುವುದು, ಈ ಎರಡನ್ನೇ ಬಲ್ಲ ಯಂತ್ರ ಎಂಜಿನಿಯರುಗಳ ಮೇಜಿನ ಮೇಲೆ ಬಂದು ಕೂತಿತು. 1967ರಲ್ಲಿ ಕಂಪನಿಯ ಷೇರುಗಳು ಮಾರುಕಟ್ಟೆಗೆ ಬಂದವು, ವಾಂಗ್ ಶ್ರೀಮಂತರಾದರು.

ಆಮೇಲೆ ಅವರು ತೆಗೆದುಕೊಂಡ ತೀರ್ಮಾನವೇ ನನಗೆ ಅವರ ಉದ್ಯಮ ಜೀವನದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಒಂದೇ ಚಿಪ್ಪಿನಲ್ಲಿ ಸಾವಿರಾರು ಟ್ರಾನ್ಸಿಸ್ಟರುಗಳು ಹಿಡಿಯತೊಡಗಿದಾಗ, ಅವುಗಳನ್ನು ಉಳಿಸುವ ಜಾಣ್ಮೆಗೆ ಬೆಲೆ ಇರುವುದಿಲ್ಲವೆಂದು ವಾಂಗ್ ಮೊದಲೇ ಅರಿತರು. ಲಾಭ ಇನ್ನೂ ಬರುತ್ತಿದ್ದ ಕಾಲದಲ್ಲಿ, 1970ರ ದಶಕದ ಆರಂಭದಲ್ಲಿ, ಕ್ಯಾಲ್ಕುಲೇಟರುಗಳಿಂದ ಕೈ ತೆಗೆದು ಕಚೇರಿಯ ಬರವಣಿಗೆಯ ಕಡೆ ತಿರುಗಿದರು. 1976ರಲ್ಲಿ ತಂದ ವರ್ಡ್ ಪ್ರೊಸೆಸರಿನಲ್ಲಿ ಬೆರಳಚ್ಚು ಮಾಡಿದ ಪಠ್ಯ ಪರದೆಯ ಮೇಲೆ ಕಾಣುತ್ತಿತ್ತು, ಅಲ್ಲಿಯೇ ತಿದ್ದಬಹುದಿತ್ತು. ಒಂದು ತಪ್ಪಿಗಾಗಿ ಇಡೀ ಪುಟವನ್ನು ಮತ್ತೆ ಹೊಡೆಯುವ ಶ್ರಮ ತಪ್ಪಿತು. ಬ್ಯಾಂಕುಗಳು, ವಕೀಲರ ಕಚೇರಿಗಳು ಅದಕ್ಕೆ ಮುಗಿಬಿದ್ದವು. ಜವಳಿ ಗಿರಣಿಗಳು ಮುಚ್ಚಿ ಸೊರಗಿದ್ದ ಲೋವೆಲ್ ಪಟ್ಟಣದಲ್ಲಿ ಕಂಪನಿಯ ಗೋಪುರಗಳು ಎದ್ದವು. 1980ರ ದಶಕದಲ್ಲಿ 30,000ಕ್ಕೂ ಹೆಚ್ಚು ಜನ ಅಲ್ಲಿಯೂ ಬೇರೆಡೆಯೂ ವಾಂಗ್ ಕಂಪನಿಗೆ ದುಡಿಯುತ್ತಿದ್ದರು.

ಐಬಿಎಂ 1981ರಲ್ಲಿ ಪರ್ಸನಲ್ ಕಂಪ್ಯೂಟರನ್ನು ತಂದಾಗ, ಕ್ಯಾಲ್ಕುಲೇಟರಿಗೆ ಬಂದ ಗಂಡಾಂತರವೇ ವರ್ಡ್ ಪ್ರೊಸೆಸರಿಗೂ ಬಂತು. ಅಗ್ಗದ ಸರ್ವಸಾಮಾನ್ಯ ಯಂತ್ರಕ್ಕೆ ಒಂದು ತಂತ್ರಾಂಶ ಸೇರಿಸಿದರೆ ಬರೆಯುವ ಕೆಲಸವೂ ಆಗುತ್ತಿತ್ತು, ಲೆಕ್ಕದ ಕೆಲಸವೂ ಆಗುತ್ತಿತ್ತು. ಮರುವರ್ಷ ವಾಂಗ್ ಕೂಡ ಒಂದು ಕಂಪ್ಯೂಟರ್ ಮಾಡಿದರು; ಆದರೆ ಐಬಿಎಂ ಯಂತ್ರಕ್ಕೆಂದು ಬರೆದ ತಂತ್ರಾಂಶ ಅದರಲ್ಲಿ ನಡೆಯುತ್ತಿರಲಿಲ್ಲ. ಹಳೆಯ ಅಸಮಾಧಾನ ಇದಕ್ಕೆ ಎಷ್ಟು ಕಾರಣವಾಯಿತೋ, ಒಮ್ಮೆ ಗೆದ್ದ ವಿಧಾನದ ಮೇಲಿನ ನಂಬಿಕೆಯೂ ಅಷ್ಟೇ ಕಾರಣವಾಗಿರಬೇಕು. ಕಂಪನಿ ಕುಟುಂಬದ ಕೈಯಲ್ಲಿಯೇ ಉಳಿಯಬೇಕೆಂದು ಅವರು ಬಯಸಿದರು. 1986ರಲ್ಲಿ ಮಗ ಫ್ರೆಡ್ ಅಧ್ಯಕ್ಷರಾದರು. ಆ ವರ್ಷವೇ ಅಮೆರಿಕ ಸರ್ಕಾರ ವಲಸೆ ಬಂದು ಪೌರರಾದ ಹನ್ನೆರಡು ಗಣ್ಯರಿಗೆ ಕೊಟ್ಟ ಲಿಬರ್ಟಿ ಪದಕ ವಾಂಗ್ ಅವರಿಗೂ ಸಂದಿತು. ನಷ್ಟ ಬೆಳೆಯುತ್ತ ಹೋದಾಗ, ಕ್ಯಾನ್ಸರಿನಿಂದ ನರಳುತ್ತಿದ್ದ ವಾಂಗ್ 1989ರ ಆಗಸ್ಟ್‌ನಲ್ಲಿ ಮಗನನ್ನು ತಾವೇ ಆ ಸ್ಥಾನದಿಂದ ಇಳಿಸಬೇಕಾಯಿತು. 1990ರ ಮಾರ್ಚ್ 24ರಂದು ಅವರು ತೀರಿಕೊಂಡರು.

1992ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಕಾನೂನಿನ ರಕ್ಷಣೆ ಕೋರಿತು. ಅದರಿಂದ ಹೊರಬಂದ ಮೇಲೆ ತನ್ನದೇ ಯಂತ್ರಗಳನ್ನು ತಯಾರಿಸುವುದನ್ನು ಬಿಟ್ಟು, ಬೇರೆಯವರ ಕಂಪ್ಯೂಟರುಗಳಿಗೆ ತಂತ್ರಾಂಶವನ್ನೂ ಸೇವೆಯನ್ನೂ ಒದಗಿಸುತ್ತ ನಡೆಯಿತು. 1999ರಲ್ಲಿ ನೆದರ್ಲೆಂಡ್ಸಿನ ಗೆಟ್ರೊನಿಕ್ಸ್ ಅದನ್ನು ಕೊಂಡುಕೊಂಡಿತು.