ಹೆಸರು ಅಳಿಸಿದರೂ ಊರಿಗೆ ಗೊತ್ತಾಗುತ್ತದೆ

ಆರೋಗ್ಯ ಸಂಶೋಧನೆಯ ಕಡತದಲ್ಲಿ ಹೀಗೊಂದು ಸಾಲು ಇದೆ ಅಂದುಕೊಳ್ಳಿ: ಹೆಣ್ಣು, 23 ವರ್ಷ, ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ತಾಂಡಾ, ಮಾರ್ಚ್‌ನಲ್ಲಿ ಎರಡನೇ ಹೆರಿಗೆ, ಬಸುರಿಯಾಗಿದ್ದಾಗ ಹಿಮೋಗ್ಲೋಬಿನ್ 6.8. ಹೆಸರಿಲ್ಲ, ಫೋನ್ ನಂಬರ್ ಇಲ್ಲ, ತಾಯಿ ಕಾರ್ಡಿನ ಸಂಖ್ಯೆಯೂ ಇಲ್ಲ. ಬೆಂಗಳೂರಿನಲ್ಲಿ ಕೂತು ಇಂಥ ಲಕ್ಷಾಂತರ ಸಾಲು ನೋಡುವವರಿಗೆ ಈಕೆ ಯಾರೋ ಏನೋ. ಅದನ್ನೇ ಆ ತಾಂಡಾದ ಆಶಾ ಕಾರ್ಯಕರ್ತೆಗೆ ತೋರಿಸಿ, ಇಂಥವರ ಸೊಸೆ ಅಂತ ಥಟ್ಟನೆ ಹೇಳುತ್ತಾರೆ. ಮಾರ್ಚ್‌ನಲ್ಲಿ ಅಲ್ಲಿ ಹೆತ್ತವರು ಒಬ್ಬಿಬ್ಬರು ತಾನೆ?

ದೊಡ್ಡ ಊರುಗಳಲ್ಲೂ ಇದೇ ಕಥೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಲತಾನ್ಯಾ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡರು. ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಮೂರನ್ನೇ ತಾಳೆ ನೋಡಿದರು. ರಾಜ್ಯಪಾಲ ವಿಲಿಯಂ ವೆಲ್ಡ್ ಅವರ ದಾಖಲೆಯೇ ಸಿಕ್ಕಿಬಿಟ್ಟಿತು! ನಮ್ಮ ತಾಂಡಾಗಳಲ್ಲಿ ಮತದಾರರ ಪಟ್ಟಿಯೂ ಬೇಡ.

ಹಾಗಂತ ಮಾಹಿತಿ ಸಂಗ್ರಹಿಸುವುದನ್ನೇ ಬಿಡಲಾಗದು. ಬಸುರಿಯ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. ಹೆರಿಗೆಯಲ್ಲಿ ಸ್ವಲ್ಪ ಜಾಸ್ತಿ ರಕ್ತ ಹೋದರೂ ಜೀವಕ್ಕೆ ಕುತ್ತು. ಇಂಥವರು ಎಲ್ಲಿ ಜಾಸ್ತಿ ಅಂತ ತಿಳಿಯದೆ ಕಬ್ಬಿಣಾಂಶದ ಇಂಜೆಕ್ಷನ್ ಎಲ್ಲಿಗೆ ಕಳಿಸುವುದು?

ಮರೆಮಾಚುವ ದಾರಿಗಳಿವೆ. ವಯಸ್ಸನ್ನು 20–24 ಅಂತ ಬರೆಯಬಹುದು, ಊರಿನ ಬದಲು ತಾಲ್ಲೂಕು ಕೊಡಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಸಂಶೋಧಕರಿಗೆ ಕೊಡುವ ಮಾಹಿತಿಯಲ್ಲಿ ಹಳ್ಳಿಯ ಜಾಗವನ್ನು ಬೇಕೆಂದೇ ಸಾಮಾನ್ಯವಾಗಿ 5 ಕಿ.ಮೀ. ವರೆಗೆ ಆಚೀಚೆ ಸರಿಸುತ್ತಾರೆ. ಜಾಣತನವೇ. ಆದರೆ ಮಸುಕು ಮಾಡಿದಷ್ಟೂ ತೀರಾ ಕಷ್ಟದಲ್ಲಿರುವ ತಾಂಡಾ ತಾಲ್ಲೂಕಿನ ಸರಾಸರಿಯಲ್ಲಿ ಕರಗಿಹೋಗುತ್ತದೆ. ಬಿಚ್ಚಿಟ್ಟರೆ ಇನ್ನೊಂದು ತೊಂದರೆ. ತಾಂಡಾ ಅಂದರೇ ಲಂಬಾಣಿ ಜನ ಅಂತ ಎಲ್ಲರಿಗೂ ಗೊತ್ತು. ‘ಆ ತಾಂಡಾದಲ್ಲಿ ಟಿಬಿ ಜಾಸ್ತಿಯಂತೆ’ ಅನ್ನುವ ಮಾತು ಹಬ್ಬಿದರೆ ಸಾಕು, ಕಾಯಿಲೆಯೇ ಇಲ್ಲದ ಮನೆಯ ಮದುವೆ ಮಾತುಕತೆಯೂ ಮುರಿದು ಬೀಳಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ, ಆ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನಕ್ಕೂ ಮಾಹಿತಿ ಬಳಸಬಾರದು ಎಂಬುದು ಅದರ ಷರತ್ತುಗಳಲ್ಲೊಂದು. ಇಡೀ ಊರಿಗೆ ಅಂಟುವ ಹಣೆಪಟ್ಟಿಗೆ ಏನು ಮಾಡೋಣ?

ಪಟ್ಟಿಯಲ್ಲೇ ಇಲ್ಲದವರ ಪಾಡು ಬೇರೆ. ಗುಳೆ ಹೋದ ಬಸುರಿ ಪುಣೆಯಲ್ಲೋ ಬೆಂಗಳೂರಲ್ಲೋ ಕಟ್ಟಡ ಕೆಲಸದಲ್ಲಿರುತ್ತಾಳೆ. ಊರಿನ ದಾಖಲೆಯಲ್ಲಿ ಖಾಲಿ ಕೋಶ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ, ಬಾರದವರೆಲ್ಲ ಗಟ್ಟಿಮುಟ್ಟು ಅಂತಾಗುತ್ತದೆ.

ನನಗನ್ನಿಸುವುದು ಇಷ್ಟು: ತಾಂಡಾವಾರು ಲೆಕ್ಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆಶಾ ಕಾರ್ಯಕರ್ತೆಗೆ ಸಿಗಲಿ, ಹೊರಗೆ ಪ್ರಕಟವಾಗುವುದು ತಾಲ್ಲೂಕಿನ ಲೆಕ್ಕ ಮಾತ್ರ. ತಾಂಡಾದ ಹೆಸರು ಅಚ್ಚಾಗಲೇಬೇಕು ಅಂತಿದ್ದರೆ ಮೊದಲು ಅಲ್ಲಿಗೇ ಹೋಗಿ, ಏನು ಸಿಕ್ಕಿತು ಅಂತ ಹೇಳಿ, ಕೇಳಬೇಕು. ನಾಯಕರೊಬ್ಬರು ಹೂಂ ಅಂದರೆ ಸಾಲದು, ರಕ್ತ ಪರೀಕ್ಷೆಗೆ ಕೈ ಚಾಚಿದ ಹೆಂಗಸರೂ ಕೂತಿರಬೇಕು. ಆ ಸಭೆಯನ್ನು ಬೇಸಿಗೆಯಲ್ಲಿ ಇಟ್ಟುಕೊಳ್ಳಬೇಡಿ, ಅರ್ಧ ಜನ ಊರಲ್ಲೇ ಇರುವುದಿಲ್ಲ. ಮುಂಗಾರು ಬಿತ್ತನೆಗೆ ವಾಪಸ್ ಬರಲಿ.