ಹಗುರ ಫ್ಲೈವೀಲ್: ಅಶ್ವಶಕ್ತಿ ಹೆಚ್ಚದೆಯೂ ಚುರುಕಾಗುವ ಎಂಜಿನ್

ಕಾರಿನ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಪಿಸ್ಟನ್ನುಗಳ ಮೇಲುಕೆಳಗಿನ ಚಲನೆಯನ್ನು ಸುತ್ತುವಿಕೆಯಾಗಿ ಬದಲಿಸುವ ಕ್ರಾಂಕ್‌ಶಾಫ್ಟಿನ ತುದಿಗೆ ಬೋಲ್ಟುಗಳಿಂದ ಬಿಗಿದ ಭಾರವಾದ ಲೋಹದ ಚಕ್ರವೊಂದಿರುತ್ತದೆ. ಅದೇ ಫ್ಲೈವೀಲ್. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರಾಂಕ್‌ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಇಂಧನ ಉರಿದು ಪಿಸ್ಟನ್ನನ್ನು ತಳ್ಳುವುದು ಎರಡೇ ಬಾರಿ. ಒಂದು ತಳ್ಳಿಗೂ ಮತ್ತೊಂದಕ್ಕೂ ನಡುವಿನ ಅವಧಿಯಲ್ಲಿ ಗಾಳಿಯನ್ನು ಒತ್ತುವ ಕೆಲಸದಿಂದಾಗಿ ವೇಗ ಕುಗ್ಗುತ್ತದೆ. ಕೋಲಿನಿಂದ ಒಮ್ಮೆ ತಿರುಗಿಸಿಬಿಟ್ಟ ಕುಂಬಾರನ ತಿಗರಿ ತನ್ನ ಭಾರದಿಂದಲೇ ಬಹಳ ಹೊತ್ತು ಸುತ್ತುತ್ತಿರುವಂತೆ, ಫ್ಲೈವೀಲ್ ಪ್ರತಿ ತಳ್ಳಿನ ಶಕ್ತಿಯನ್ನು ಹಿಡಿದಿಟ್ಟುಕೊಂಡು ಈ ಕೊರತೆಯನ್ನು ತುಂಬಿಕೊಡುತ್ತದೆ. ಹಳೆಯ ಬುಲೆಟ್ ಬೈಕು ಅತಿ ನಿಧಾನವಾಗಿ, ಒಂದೊಂದು ಬಡಿತವನ್ನೂ ಎಣಿಸಬಹುದಾದಷ್ಟು ಸಾವಕಾಶವಾಗಿ ಓಡುತ್ತಿದ್ದರೂ ನಿಂತುಹೋಗದಿರುವುದಕ್ಕೆ ಅದರ ಭಾರವಾದ ಫ್ಲೈವೀಲೇ ಮುಖ್ಯ ಕಾರಣ.

ಹೀಗಿರುವಾಗ ಸ್ಪೋರ್ಟ್ಸ್ ಕಾರಿನ ಮಾಲೀಕರು ಹಣ ಕೊಟ್ಟು ಅದನ್ನು ಹಗುರಗೊಳಿಸುವುದೇಕೆ? ಎಂಜಿನ್ನಿನ ವೇಗ ಏರುವಾಗಲೆಲ್ಲ ಅದರ ಶಕ್ತಿಯ ಒಂದು ಪಾಲು ಕಾರನ್ನು ಮುಂದೆ ನೂಕುವುದಕ್ಕಲ್ಲ, ಈ ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸುವುದಕ್ಕೆ ಖರ್ಚಾಗುತ್ತದೆ. ಆ ಪಾಲು ಎಷ್ಟು ದೊಡ್ಡದೆಂಬುದನ್ನು ಒಂದು ನಿಜವಾದ ಕಾರಿನ ಲೆಕ್ಕದಿಂದ ನೋಡುವುದು ಒಳ್ಳೆಯದು. 1989ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5, 1.6 ಲೀಟರ್ ಎಂಜಿನ್ನಿನ, ಒಂದು ಟನ್ನಿಗಿಂತ ಕಡಿಮೆ ತೂಕದ ಎರಡು ಸೀಟಿನ ಕಾರು. ಅದರ ಮೊದಲ ಗೇರಿನ ಅನುಪಾತ 3.136, ಗೇರ್‌ಬಾಕ್ಸಿನಿಂದ ಬಂದ ತಿರುಗುವಿಕೆಯನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಡಿಫರೆನ್ಷಿಯಲ್ಲಿನ ಅನುಪಾತ 4.3; ಎರಡನ್ನೂ ಗುಣಿಸಿದರೆ, ಹಿಂದಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಎಂಜಿನ್ ಸುಮಾರು ಹದಿಮೂರೂವರೆ ಸುತ್ತು ಬಂದಿರುತ್ತದೆ. ಫ್ಲೈವೀಲಿನ ತೂಕ 8 ಕಿಲೋಗ್ರಾಂ, ವ್ಯಾಸ 28 ಸೆಂಟಿಮೀಟರ್ ಎಂದಿಟ್ಟುಕೊಂಡು, ಅದರ ಬದಲಿಗೆ ಅದೇ ವ್ಯಾಸದ 4 ಕಿಲೋಗ್ರಾಂನದನ್ನು ಹಾಕಿದೆವೆನ್ನೋಣ. ತಿರುಗುವ ವಸ್ತುವಿನ ಜಡತ್ವವು, ಅಂದರೆ ವೇಗ ಬದಲಾಗುವುದಕ್ಕೆ ಅದು ಒಡ್ಡುವ ಪ್ರತಿರೋಧವು, ರಸ್ತೆಯ ಮಟ್ಟದಲ್ಲಿ ಗೇರ್ ಅನುಪಾತದ ವರ್ಗಕ್ಕೆ ತಕ್ಕಂತೆ ಹಿಗ್ಗುವುದರಿಂದ, ಮೊದಲ ಗೇರಿನಲ್ಲಿ ಈ 4 ಕಿಲೋಗ್ರಾಂ ಉಳಿತಾಯವು ಕಾರಿನಿಂದ ಸುಮಾರು 85 ಕಿಲೋಗ್ರಾಂ ಭಾರ ಇಳಿಸಿದಷ್ಟೇ ಫಲ ಕೊಡುತ್ತದೆ. ಎರಡನೆಯ ಗೇರಿನಲ್ಲಿ ಅದು 31 ಕಿಲೋಗ್ರಾಂಗೆ, ಮೂರನೆಯದರಲ್ಲಿ 15ಕ್ಕೆ ಇಳಿಯುತ್ತದೆ. ಐದನೆಯ ಗೇರಿಗೆ ಬರುವಷ್ಟರಲ್ಲಿ ಉಳಿಯುವುದು ಆರು ಕಿಲೋಗ್ರಾಂ ಮಾತ್ರ. ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಓವರ್‌ಟೇಕ್ ಮಾಡುವವನಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ.

ಅಂಗಡಿಗಳ ಜಾಹೀರಾತುಗಳು ಒಟ್ಟು ತೂಕವನ್ನಷ್ಟೇ ಹೇಳುತ್ತವೆ, ಆದರೆ ತೂಕಕ್ಕಿಂತ ಮುಖ್ಯವಾದದ್ದು ಆ ತೂಕ ಎಲ್ಲಿದೆ ಎಂಬುದು. ನಡುವಿನಿಂದ 14 ಸೆಂಟಿಮೀಟರ್ ದೂರದಲ್ಲಿರುವ ನೂರು ಗ್ರಾಂ ಲೋಹ, 7 ಸೆಂಟಿಮೀಟರ್ ದೂರದಲ್ಲಿರುವ ನೂರು ಗ್ರಾಂಗಿಂತ ನಾಲ್ಕು ಪಟ್ಟು ಜಡತ್ವವನ್ನು ಉಂಟುಮಾಡುತ್ತದೆ. ಅಂಚಿನಿಂದ ಒಂದು ಕಿಲೋಗ್ರಾಂ ಕೆತ್ತಿ ತೆಗೆದ ಚಕ್ರವು, ನಡುವಿನಲ್ಲಿ ರಂಧ್ರ ಕೊರೆದು ಎರಡು ಕಿಲೋಗ್ರಾಂ ಇಳಿಸಿದ ಚಕ್ರಕ್ಕಿಂತ ಹೆಚ್ಚು ಚುರುಕಾಗಿರಬಹುದು.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತಿದ್ದಬೇಕು. ಹಗುರ ಫ್ಲೈವೀಲ್ ಎಂಜಿನ್ನಿನ ಅಶ್ವಶಕ್ತಿಯನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ, ಕಾರಿನ ಗರಿಷ್ಠ ವೇಗವನ್ನೂ ಹೆಚ್ಚಿಸುವುದಿಲ್ಲ. ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತಿರುವಾಗ ಫ್ಲೈವೀಲ್ ಶಕ್ತಿಯನ್ನು ಪಡೆಯುವುದೂ ಇಲ್ಲ, ಕೊಡುವುದೂ ಇಲ್ಲ. ಭಾರವಾದ ಉರುಳೆಯ ಮೇಲೆ ಕಾರಿನ ಚಕ್ರಗಳನ್ನು ಓಡಿಸಿ, ಆ ಉರುಳೆ ಎಷ್ಟು ಬೇಗ ವೇಗ ಪಡೆಯುತ್ತದೆಂಬುದರಿಂದ ಶಕ್ತಿಯನ್ನು ಲೆಕ್ಕ ಹಾಕುವ ಡೈನೋ ಯಂತ್ರದಲ್ಲಿ ಕೆಲವು ಅಶ್ವಶಕ್ತಿ ಹೆಚ್ಚಾದಂತೆ ಕಾಣುವುದುಂಟು. ಅಳತೆಯೇ ವೇಗ ಏರುತ್ತಿರುವಾಗ ನಡೆಯುವುದರಿಂದ, ಫ್ಲೈವೀಲ್ ನುಂಗದೆ ಬಿಟ್ಟ ಶಕ್ತಿ ಅಲ್ಲಿ ಲೆಕ್ಕಕ್ಕೆ ಸೇರುತ್ತದೆ, ಅಷ್ಟೆ.

ನನ್ನ ದೃಷ್ಟಿಯಲ್ಲಿ ನಿಜವಾದ ಲಾಭವಿರುವುದು ಗೇರ್ ಬದಲಿಸುವ ಗಳಿಗೆಯಲ್ಲಿ. ಅದೇ ಮಾಜ್ದಾದಲ್ಲಿ ನಿಮಿಷಕ್ಕೆ 7000 ಸುತ್ತಿನಲ್ಲಿ ಮೊದಲ ಗೇರಿನಿಂದ ಎರಡನೆಯದಕ್ಕೆ ಹೋದರೆ, ಎಂಜಿನ್ ಸುಮಾರು 4200 ಸುತ್ತಿಗೆ ಇಳಿಯಲೇಬೇಕು. ಭಾರವಾದ ಫ್ಲೈವೀಲ್ ಇದ್ದರೆ ಅದು ತಡವಾಗಿ ಇಳಿಯುತ್ತದೆ. ಚಾಲಕ ಕಾಯಬೇಕು, ಇಲ್ಲವೇ ಹೆಚ್ಚುವರಿ ಶಕ್ತಿಯೆಲ್ಲ ಕ್ಲಚ್ಚಿನಲ್ಲಿ ಬಿಸಿಯಾಗಿ ಹೋಗುವಾಗ ಬರುವ ಎಳೆತವನ್ನು ಸಹಿಸಬೇಕು. ತಿರುವಿಗೆ ಮುನ್ನ ಬ್ರೇಕ್ ಒತ್ತುತ್ತಲೇ ಪಾದದ ಅಂಚಿನಿಂದ ಆಕ್ಸಿಲರೇಟರನ್ನು ಮುಟ್ಟಿ, ಎಂಜಿನ್ನಿನ ವೇಗವನ್ನು ಏರಿಸಿ ಕೆಳಗಿನ ಗೇರಿಗೆ ಬರುವ ಕೌಶಲದಲ್ಲಂತೂ ವ್ಯತ್ಯಾಸ ಇನ್ನೂ ಸ್ಪಷ್ಟ: ಹಗುರ ಫ್ಲೈವೀಲಿಗೆ ಒಂದು ಸಣ್ಣ ತಟ್ಟು ಸಾಕು. ಆದರೆ ಇದು ಕೈಚಳಕ ಇದ್ದವರಿಗೆ ಸಿಗುವ ಲಾಭ. ನಿಧಾನವಾಗಿ ಗೇರ್ ಹಾಕುವವರ ಕೈಯಲ್ಲಿ ಎಂಜಿನ್ನಿನ ವೇಗ ಬೇಕಾದುದಕ್ಕಿಂತ ಕೆಳಗೆ ಬಿದ್ದು, ಕಾರು ಮೊದಲಿಗಿಂತ ಹೆಚ್ಚು ಜಗ್ಗುತ್ತದೆ. ತಿರುಗುವ ಮತ್ತು ಚಲಿಸುವ ಭಾಗಗಳನ್ನೆಲ್ಲ ಹಗುರಗೊಳಿಸುತ್ತ ಹೋದರೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಲೆಕ್ಸಸ್ ಎಲ್ಎಫ್ಎ ಉದಾಹರಣೆ. ಅದರ 4.8 ಲೀಟರಿನ ಹತ್ತು ಸಿಲಿಂಡರ್ ಎಂಜಿನ್ ಐಡ್ಲಿಂಗಿನಿಂದ, ಅಂದರೆ ಆಕ್ಸಿಲರೇಟರ್ ಒತ್ತದಿರುವಾಗಿನ ನಿಧಾನ ವೇಗದಿಂದ, 9000 ಸುತ್ತಿಗೆ 0.6 ಸೆಕೆಂಡಿನಲ್ಲಿ ಏರುತ್ತಿದ್ದುದರಿಂದ, ಎಂಜಿನ್ನಿನ ವೇಗ ತೋರಿಸುವ ಸಾಮಾನ್ಯ ಮುಳ್ಳು ಅದನ್ನು ಹಿಂಬಾಲಿಸಲಾರದೆಂದು ಡಿಜಿಟಲ್ ಪರದೆಯನ್ನೇ ಕೂರಿಸಿದರು.

ಇದಕ್ಕೆಲ್ಲ ತೆರಬೇಕಾದ ಬೆಲೆ ಟ್ರಾಫಿಕ್ಕಿನಲ್ಲಿ ಗೊತ್ತಾಗುತ್ತದೆ. 850 ಸುತ್ತಿನ ಐಡ್ಲಿಂಗಿನಲ್ಲಿ ಆ 8 ಕಿಲೋಗ್ರಾಂ ಚಕ್ರದಲ್ಲಿರುವ ಚಲನಶಕ್ತಿ ಸುಮಾರು 310 ಜೌಲ್. ಒಂದು ಟನ್ ತೂಕದ ಕಾರನ್ನು ಮೂರು ಸೆಂಟಿಮೀಟರ್ ಮೇಲೆತ್ತುವುದಕ್ಕೆ ಅದು ಸರಿಹೋಗುತ್ತದೆ. ಮೊದಲೇ ಇಷ್ಟು ಸಣ್ಣದಾದ ಈ ಗಂಟಿನಲ್ಲಿ ಅರ್ಧವನ್ನು ತೆಗೆದುಬಿಟ್ಟರೆ, ಏರಿನಲ್ಲಿ ನಿಂತ ಕಾರನ್ನು ಹೊರಡಿಸುವಾಗ ಕ್ಲಚ್ಚನ್ನು ಸ್ವಲ್ಪ ಅವಸರದಿಂದ ಬಿಟ್ಟರೂ ಎಂಜಿನ್ ಆರಿಹೋಗುವುದರಲ್ಲಿ ಆಶ್ಚರ್ಯವಿಲ್ಲ. 1990ರ ದಶಕದ ಆರಂಭದ ಪೋರ್ಷೆ 911 ಕರೇರಾ ಆರ್‌ಎಸ್, ಅಂದರೆ 964 ಸರಣಿಯ ಕಾರು, ಹಗುರ ಫ್ಲೈವೀಲಿನಿಂದಾಗಿ ಹೀಗೆ ಆರಿಹೋಗುವುದಕ್ಕೆ ಹೆಸರಾಗಿತ್ತು. ದಿನಬಳಕೆಗೆ ಹೆಚ್ಚು ಒಗ್ಗುವ ಅದರ ಟೂರಿಂಗ್ ಮಾದರಿಗೆ ಕಂಪನಿಯೇ ಭಾರವಾದ ಡ್ಯುಯಲ್ ಮಾಸ್ ಫ್ಲೈವೀಲ್ ಕೊಟ್ಟಿತು. ಎರಡು ತಟ್ಟೆಗಳ ನಡುವೆ ಸ್ಪ್ರಿಂಗುಗಳಿರುವ ಈ ಬಗೆಯ ಫ್ಲೈವೀಲ್ ಎಂಜಿನ್ನಿನ ಅದುರನ್ನು ಗೇರ್‌ಬಾಕ್ಸಿಗೆ ದಾಟದಂತೆ ತಡೆಯುತ್ತದೆ. ಅದನ್ನು ತೆಗೆದು ಒಂದೇ ತಟ್ಟೆಯ ಹಗುರ ಚಕ್ರ ಹಾಕಿದರೆ, ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗೇರ್‌ಬಾಕ್ಸಿನಿಂದ ಕಟಕಟ ಸದ್ದು ಬರುವುದು ಮಾಮೂಲು. ರೇಸ್ ಟ್ರ್ಯಾಕಿನಲ್ಲಿ ಯಾರೂ ಅದನ್ನು ಲೆಕ್ಕಿಸುವುದಿಲ್ಲ.

ಹಣ ಉಳಿಸುವುದಕ್ಕಾಗಿ ಮೂಲ ಎರಕದ ಕಬ್ಬಿಣದ ಫ್ಲೈವೀಲನ್ನೇ ಲೇತ್‌ಗೆ ಕೊಟ್ಟು ಅಳತೆಯಿಲ್ಲದೆ ತೆಳುಗೊಳಿಸುವುದು ಮಾತ್ರ ಅಪಾಯದ ಕೆಲಸ. 7000 ಸುತ್ತಿನಲ್ಲಿ ಅದರ ಅಂಚು ಗಂಟೆಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಎರಕದ ಕಬ್ಬಿಣ ಬಾಗದೆ ನೇರವಾಗಿ ಸಿಡಿಯುವ ಲೋಹವಾದ್ದರಿಂದ, ಬಿರುಕು ಬಿಟ್ಟರೆ ಚೂರುಗಳು ಗೇರ್‌ಬಾಕ್ಸಿನ ಹೊದಿಕೆಯನ್ನೂ ಕಾರಿನ ತಳವನ್ನೂ ಸೀಳಿಕೊಂಡು ಒಳಗೆ ಬರಬಲ್ಲವು. ಫೋರ್ಜ್ ಮಾಡಿದ, ಅಂದರೆ ಕಾಯಿಸಿ ಬಡಿದು ರೂಪಿಸಿದ ಉಕ್ಕಿನದು, ಇಲ್ಲವೇ ಕ್ಲಚ್ ತಾಗುವ ಜಾಗಕ್ಕೆ ಉಕ್ಕಿನ ಬಿಲ್ಲೆ ಕೂರಿಸಿದ ಅಲ್ಯೂಮಿನಿಯಂನದು ದುಬಾರಿಯಾದರೂ ಸರಿಯಾದ ಆಯ್ಕೆ. ಕೊಳ್ಳುವ ಮುನ್ನ ಇನ್ನೊಂದನ್ನು ನೋಡಿಕೊಳ್ಳಬೇಕು: ಕೆಲವು ಎಂಜಿನ್ನುಗಳಲ್ಲಿ ಕ್ರಾಂಕ್‌ಶಾಫ್ಟಿನ ಸ್ಥಾನವನ್ನು ಗುರುತಿಸುವ ಸೆನ್ಸರ್ ಫ್ಲೈವೀಲಿನ ಹಲ್ಲುಗಳನ್ನೇ ಓದುತ್ತದೆ, ಆ ಹಲ್ಲುಗಳಿಲ್ಲದ ಚಕ್ರ ಹಾಕಿದರೆ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ. ಫ್ಲೈವೀಲನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸನ್ನು ಕೆಳಗಿಳಿಸಲೇಬೇಕಾದ್ದರಿಂದ, ಕ್ಲಚ್ ಸವೆದು ಹೇಗಿದ್ದರೂ ಬಿಚ್ಚಬೇಕಾಗಿ ಬಂದಾಗಲೇ ಇದನ್ನೂ ಮಾಡಿಸಿಕೊಂಡರೆ ಕೂಲಿಯನ್ನು ಎರಡು ಬಾರಿ ಕೊಡುವುದು ತಪ್ಪುತ್ತದೆ.