ಎಣಿಕೆಗೆ ಸಿಗದ ನಾಮಪದ: ಇಂಗ್ಲಿಷ್ ಗಾದೆಗಳಲ್ಲಿ ಕಾಣುವಂತೆ

ಇಂಗ್ಲಿಷಿನ ಕೆಲವು ನಾಮಪದಗಳಿಗೆ ಸಾಮಾನ್ಯವಾಗಿ ಬಹುವಚನವಿಲ್ಲ, ಮುಂಚೆ ‘ಎ’, ‘ಆ್ಯನ್’ ಬರುವುದಿಲ್ಲ, ಸಂಖ್ಯೆಯೂ ಕೂಡುವುದಿಲ್ಲ. ಇವು ಅನ್‌ಕೌಂಟಬಲ್ ನೌನ್‌ಗಳು. ನೀರು, ಮರಳಿನಂಥವುಗಳಲ್ಲಿ ನಾವು ಎಡವುವುದಿಲ್ಲ, ಕನ್ನಡದಲ್ಲೂ ಅವನ್ನು ಎಣಿಸುವುದಿಲ್ಲವಲ್ಲ. ತೊಡಕು ಅಡ್ವೈಸ್, ಇನ್ಫರ್ಮೇಶನ್, ಫರ್ನಿಚರ್, ಲಗೇಜ್‌ಗಳದ್ದು. ‘ಎರಡು ಸಲಹೆ’ ಎಂದು ಹೇಳಿ ರೂಢಿಯಾದವರಿಗೆ ‘ಟೂ ಅಡ್ವೈಸಸ್’ ತಾನಾಗಿ ಬಾಯಿಗೆ ಬರುತ್ತದೆ. ಸರಿಯಾದದ್ದು ‘ಟೂ ಪೀಸಸ್ ಆಫ್ ಅಡ್ವೈಸ್’. ಬಹುವಚನ ಪೀಸ್‌ಗೆ, ಅಡ್ವೈಸ್‌ಗೆ ಅಲ್ಲ.

ಈ ನಿಯಮ ಕಲಿಯಲು ಗಾದೆಗಳಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ. ಒಮ್ಮೆ ಬಾಯಿಪಾಠವಾದರೆ ವ್ಯಾಕರಣವೂ ಜತೆಗೇ ಉಳಿಯುತ್ತದೆ. ‘ನೋ ನ್ಯೂಸ್ ಈಸ್ ಗುಡ್ ನ್ಯೂಸ್’ ಎಂದರೆ ಸುದ್ದಿ ಬಂದಿಲ್ಲವಾದರೆ ಕೆಟ್ಟದ್ದೇನೂ ಆಗಿರಲಿಕ್ಕಿಲ್ಲ ಎಂದು. ನ್ಯೂಸ್‌ನ ಕೊನೆಯಲ್ಲಿ ‘ಎಸ್’ ಇದ್ದರೂ ಕ್ರಿಯಾಪದ ‘ಈಸ್’, ‘ಆರ್’ ಅಲ್ಲ. ‘ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್’ನಲ್ಲಿ ಉರುಳುವ ಕಲ್ಲು ಎಣಿಕೆಗೆ ಸಿಗುತ್ತದೆ, ಆದ್ದರಿಂದ ‘ಎ’ ಬಂತು, ಪಾಚಿ ಸಿಗುವುದಿಲ್ಲ. ‘ಮೋರ್ ಹೇಸ್ಟ್, ಲೆಸ್ ಸ್ಪೀಡ್’ನಲ್ಲಿ ‘ಲೆಸ್’ ಇರುವುದು ವೇಗವನ್ನು ಎಣಿಸಲಾಗದ ಕಾರಣಕ್ಕೆ. ಅಡುಗೆಯವರನ್ನು ಎಣಿಸಬಹುದು, ಹಾಗಾಗಿ ‘ಟೂ ಮೆನಿ ಕುಕ್ಸ್ ಸ್ಪಾಯಿಲ್ ದ ಬ್ರಾತ್’ನಲ್ಲಿ ‘ಮಚ್’ ಅಲ್ಲ, ‘ಮೆನಿ’.

ಹೆಚ್ಚು ಜನ ತಪ್ಪುವುದು ‘ಎ ಲಿಟಲ್ ನಾಲೆಡ್ಜ್ ಈಸ್ ಎ ಡೇಂಜರಸ್ ಥಿಂಗ್’ನಲ್ಲಿ. ನಾಲೆಡ್ಜ್ ಎಣಿಕೆಗೆ ಸಿಗದ ಪದವಾದರೆ ಮೊದಲಿಗೆ ‘ಎ’ ಏಕೆ ಬಂತು ಎಂಬ ಗೊಂದಲ ಸಹಜ. ಆ ‘ಎ’ ನಾಲೆಡ್ಜ್‌ನದಲ್ಲ. ‘ಎ ಲಿಟಲ್’ ಎಂಬುದು ಇಡಿಯಾಗಿ ‘ಸ್ವಲ್ಪ’ ಎಂಬ ಪರಿಮಾಣ ಹೇಳುತ್ತದೆ. ಎರಡನೆಯ ‘ಎ’ ಥಿಂಗ್‌ಗೆ ಸೇರಿದ್ದು. ಮೊದಲನೆಯದನ್ನು ಬಿಟ್ಟು ಬರಿಯ ‘ಲಿಟಲ್ ನಾಲೆಡ್ಜ್’ ಎಂದರೆ ‘ಇಲ್ಲವೆನ್ನುವಷ್ಟು ಕಡಿಮೆ ತಿಳಿವಳಿಕೆ’ ಎಂದಾಗುತ್ತದೆ. ಅಪಾಯ ಏನೂ ತಿಳಿಯದವನದ್ದಲ್ಲ, ಅರೆಬರೆ ತಿಳಿದವನದ್ದು ಎಂಬ ಗಾದೆಯ ತಿರುಳೇ ಆಗ ಕಳೆದುಹೋಗುತ್ತದೆ. ಅಂದಹಾಗೆ, ‘ಎ ಗುಡ್ ನಾಲೆಡ್ಜ್ ಆಫ್ ಕನ್ನಡ’ ಎನ್ನುವುದು ತಪ್ಪಲ್ಲ. ವಿಶೇಷಣ ಬಂದು ಯಾವುದರ ತಿಳಿವಳಿಕೆ ಎಂದು ಗೊತ್ತಾದಾಗ ‘ಎ’ಗೆ ಅವಕಾಶವುಂಟು, ‘ನಾಲೆಡ್ಜಸ್’ ಎಂಬ ಬಹುವಚನ ಮಾತ್ರ ಬೇಡ.

ಒಂದೇ ಪದ ಎರಡೂ ಕಡೆ ನಿಲ್ಲುವುದುಂಟು. ‘ಐರನ್’ ಕಬ್ಬಿಣ, ‘ಆ್ಯನ್ ಐರನ್’ ಇಸ್ತ್ರಿಪೆಟ್ಟಿಗೆ. ‘ಪೇಪರ್’ ಕಾಗದ, ‘ಎ ಪೇಪರ್’ ದಿನಪತ್ರಿಕೆ. ತಲೆಯ ಕೂದಲೆಲ್ಲ ‘ಹೇರ್’, ಸಾರಿನಲ್ಲಿ ಸಿಕ್ಕ ಒಂದು ಎಳೆ ‘ಎ ಹೇರ್’. ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ ಎಣಿಸುವ ಅರ್ಥಕ್ಕೆ ‘ಸಿ’, ಎಣಿಸದ ಅರ್ಥಕ್ಕೆ ‘ಯು’ ಎಂಬ ಗುರುತು ಇರುತ್ತದೆ. ಗುರುತನ್ನು ಪದಕ್ಕೆ ಒಂದೇ ಸಲ ನೋಡಿ ಬಿಡದೆ, ಬೇಕಾದ ಅರ್ಥದ ಎದುರಿಗೇ ನೋಡಬೇಕು.